ಮೈಸೂರಿನ ಜಾವಾ: ಒಂದು ಯಂತ್ರದ ಏಳುಬೀಳು

ಸಂಜೆಯ ವೇಳೆ ಮಾರತ್ತಹಳ್ಳಿಯ ಸೇತುವೆಯ ಬಳಿ ನಿಂತವರಿಗೆ ಮೋಟಾರು ಸೈಕಲುಗಳ ಪ್ರವಾಹವೇ ಕಾಣುತ್ತದೆ. ಅವುಗಳ ನಡುವೆ ಎಂದಾದರೊಮ್ಮೆ ಎರಡು ಕೊಳವೆಗಳಿಂದ ನೀಲಿ ಹೊಗೆಯನ್ನುಗುಳುತ್ತ ಹಳೆಯ ಬಂಡಿಯೊಂದು ಬರುವುದುಂಟು. ಅದರ ಸದ್ದನ್ನು ಕೇಳಿದೊಡನೆಯೇ ಹಿರಿಯರು ತಿರುಗಿ ನೋಡಿ “ಜಾವಾ!” ಎನ್ನುತ್ತಾರೆ. ಅದು ನಮ್ಮ ಮೈಸೂರಿನಲ್ಲಿ ತಯಾರಾದ ಯಂತ್ರ. ಇಷ್ಟು ಜನಪ್ರಿಯವಾಗಿದ್ದ ಬಂಡಿಯ ತಯಾರಿಕೆ ನಿಂತುಹೋದದ್ದೇಕೆ? ಉತ್ತರವನ್ನು ಚರಿತ್ರೆಯಲ್ಲಿ ಮಾತ್ರವಲ್ಲ, ಭೌತವಿಜ್ಞಾನದಲ್ಲಿಯೂ ಹುಡುಕಬೇಕು.

ಜಾವಾ ಎಂಬ ಹೆಸರಿಗೂ ಆ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲು ತಯಾರಿಸುವ ಹಕ್ಕನ್ನು ಪಡೆದನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಯಾವಾ’ ಆಯಿತು. ರೋಮನ್ ಲಿಪಿಯಲ್ಲಿ ಅದನ್ನು ಓದಿದ ನಾವು ‘ಜಾವಾ’ ಎಂದೆವು.

ಸ್ವಾತಂತ್ರ್ಯಾನಂತರ ಆಮದಿನ ಮೇಲೆ ನಿರ್ಬಂಧಗಳು ಬಿಗಿಯಾದುವು. ವಾಹನಗಳನ್ನು ಇಲ್ಲಿಯೇ ತಯಾರಿಸುವುದು ಅಗತ್ಯವಾಯಿತು. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಆರಂಭವಾಯಿತು. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಮನೆತನದವರು 1960ರಲ್ಲಿ ‘ಐಡಿಯಲ್ ಜಾವಾ’ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಲ್ಲಿ ಬಂಡಿಗಳು ಹೊರಬರತೊಡಗಿದುವು. 1973ರಿಂದ ಅವುಗಳಿಗೆ ‘ಯೆಜ್ಡಿ’ ಎಂಬ ಹೆಸರು ಬಂದಿತು.

ಈಗ ಎಂಜಿನಿನ ಒಳಗೆ ಇಣಿಕಿ ನೋಡೋಣ. ಜಾವಾದ ಸಿಲಿಂಡರಿನ ವ್ಯಾಸ 65 ಮಿಲಿಮೀಟರು; ಪಿಸ್ಟನ್ನು ಚಲಿಸುವ ದೂರ 75 ಮಿಲಿಮೀಟರು. ಇವುಗಳಿಂದ ಗಾತ್ರವನ್ನು ನೀವೇ ಲೆಕ್ಕಹಾಕಿರಿ. ಸುಮಾರು 249 ಘನ ಸೆಂಟಿಮೀಟರು ಬರುತ್ತದೆ. ಪಿಸ್ಟನ್ನಿನ ಒಂದು ಏರಿಕೆಗೆ ಅಥವಾ ಒಂದು ಇಳಿತಕ್ಕೆ ಸ್ಟ್ರೋಕು ಎಂದು ಹೆಸರು. ಸಾಮಾನ್ಯ ಎಂಜಿನಿನಲ್ಲಿ ನಾಲ್ಕು ಸ್ಟ್ರೋಕುಗಳಿಗೊಮ್ಮೆ ಇಂಧನ ಉರಿದರೆ ಜಾವಾದಲ್ಲಿ ಎರಡಕ್ಕೊಮ್ಮೆ ಉರಿಯುತ್ತದೆ. ಅಂದರೆ ದಂಡದ ಪ್ರತಿಯೊಂದು ಸುತ್ತಿಗೂ ಒಂದು ನೂಕು ದೊರೆಯುತ್ತದೆ. ಇದರಲ್ಲಿ ಕವಾಟಗಳೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಇಂಗ್ಲೆಂಡಿನ ಜೋಸೆಫ್ ಡೇ 1891ರಲ್ಲಿ ಹಕ್ಕುಪತ್ರ ಪಡೆದ ಉಪಾಯದ ಬೆಳೆದ ರೂಪವಿದು. ಯಂತ್ರ ಇಷ್ಟು ಸರಳವಾಗಿದ್ದುದರಿಂದಲೇ ಸಣ್ಣ ಊರಿನ ಮೆಕ್ಯಾನಿಕನೂ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದನು.

ಆದರೆ ಆ ಸರಳತೆಗೆ ಬೆಲೆ ತೆರಬೇಕಾಯಿತು. ಪಿಸ್ಟನ್ನು ಕೆಳಗಿಳಿದಾಗ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಮಿಶ್ರಣ ಒಳಬರುವ ಕಿಂಡಿಯೂ ಸ್ವಲ್ಪ ಕಾಲ ಒಟ್ಟಿಗೇ ತೆರೆದಿರುತ್ತವೆ. ಹೊಸ ಮಿಶ್ರಣವೇ ಹಳೆಯ ಹೊಗೆಯನ್ನು ಹೊರದೂಡಬೇಕು. ಹೀಗೆ ದೂಡುವಾಗ ಅದರ ಒಂದಂಶ ಉರಿಯದೆಯೇ ಹೊಗೆಯೊಡನೆ ಹೊರಟುಹೋಗುತ್ತದೆ. ಪೆಟ್ರೋಲು ವ್ಯರ್ಥವಾಗುತ್ತದೆ, ಗಾಳಿ ಕೆಡುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಅರ್ಧಂಬರ್ಧ ಉರಿಯುವುದರಿಂದ ಆ ನೀಲಿ ಹೊಗೆ.

ಪೆಟ್ರೋಲು ಅಗ್ಗವಾಗಿದ್ದಾಗ ಈ ದೋಷ ಯಾರಿಗೂ ದೊಡ್ಡದಾಗಿ ತೋರಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಂಸ್ಥೆಯ 100 ಘನ ಸೆಂಟಿಮೀಟರಿನ ನಾಲ್ಕು ಸ್ಟ್ರೋಕಿನ ಬಂಡಿ ಬಂದಾಗ ಜನರು ಪ್ರತಿ ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಲೆಕ್ಕಹಾಕತೊಡಗಿದರು. 1991ರಲ್ಲಿ ಹೊಗೆಗೆ ಸರಕಾರದ ಮಿತಿಗಳು ಬಂದುವು. 1996ರಲ್ಲಿ ಅವು ಇನ್ನೂ ಬಿಗಿಯಾದುವು. ಅದೇ ವರ್ಷ ಮೈಸೂರಿನ ಕಾರ್ಖಾನೆ ಮುಚ್ಚಿತು. ಕಾರಣಗಳು ಹಲವಿರಬಹುದು, ಕಾಲಕ್ಕೆ ತಕ್ಕಂತೆ ಎಂಜಿನು ಬದಲಾಗದೆ ಉಳಿದದ್ದು ಅವುಗಳಲ್ಲಿ ಮುಖ್ಯವಾದುದು. ಮೂರೂವರೆ ದಶಕ ಕಾಲ ಅನೇಕ ಸಂಸಾರಗಳಿಗೆ ಅನ್ನವಿತ್ತ ಬಾಗಿಲು ಹೀಗೆ ಮುಚ್ಚಿತು.

ಇಂದು ಚಕ್ರ ಮತ್ತೊಮ್ಮೆ ತಿರುಗಿದೆ. ಬೆಂಗಳೂರಿನ ಅಲ್ಟ್ರಾವೈಲೆಟ್ ಸಂಸ್ಥೆ 2022ರಲ್ಲಿ ವಿದ್ಯುತ್ ಮೋಟಾರು ಸೈಕಲನ್ನು ಹೊರತಂದಿತು. ಅದರಲ್ಲಿ ಸಿಲಿಂಡರೂ ಇಲ್ಲ, ಹೊಗೆಯೂ ಇಲ್ಲ. ಹಾಗೆಂದು ಅದು ನಿರ್ದೋಷವೆಂದು ತಿಳಿಯಬಾರದು. ಬ್ಯಾಟರಿಯ ತೂಕ, ಅದಕ್ಕೆ ವಿದ್ಯುತ್ತನ್ನು ತುಂಬಲು ಹಿಡಿಯುವ ಕಾಲ, ಆ ವಿದ್ಯುತ್ತು ಬರುವ ಮೂಲ, ಇವನ್ನೂ ನಾವು ಪರೀಕ್ಷಿಸಬೇಕು. ಮುಂದಿನ ಸಲ ಹಳೆಯ ಜಾವಾವೊಂದು ನಿಮ್ಮನ್ನು ದಾಟಿಹೋದಾಗ, ವಿದ್ಯಾರ್ಥಿಮಿತ್ರರೇ, ಅದರ ಸದ್ದಿಗೆ ಕಿವಿಗೊಡಿ. ಅದರ ಹೊಗೆಯನ್ನೂ ಗಮನಿಸಿ. ಎರಡೂ ಹೊರಡುವುದು ಒಂದೇ ಕಿಂಡಿಯಿಂದ.