ಗಣಕಯಂತ್ರದಲ್ಲಿ ೞಕಾರ

ಅರಸೀಕೆರೆಯ ಶಾಸನಗಳು ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ 5ನೆಯ ಸಂಪುಟದಲ್ಲಿ (1902) ಅಚ್ಚಾಗಿರುವುವಷ್ಟೆ. ಇಂತಹ ಹಳೆಯ ಪಾಠಗಳನ್ನು ಗಣಕಯಂತ್ರದಲ್ಲಿ ಪ್ರತಿಮಾಡುವವರು ಮೊದಲು ಅದರ ಕಾರ್ಯಾಚರಣ ವ್ಯವಸ್ಥೆಯನ್ನು ಅಣಿಗೊಳಿಸಬೇಕು. ವಿಂಡೋಸ್ ಎಕ್ಸ್‌ಪಿ (2001) ಸ್ಥಾಪನೆಯಾದ ಮಾತ್ರಕ್ಕೆ ಕನ್ನಡವು ಸರಿಯಾಗಿ ಮೂಡುತ್ತಿರಲಿಲ್ಲ; ಭಾಷಾವಿಭಾಗದಲ್ಲಿ ಸಂಕೀರ್ಣಲಿಪಿಗಳನ್ನು ಆರಿಸಿ, ಸ್ಥಾಪನೆಯ ಸಿ.ಡಿ.ಯನ್ನು ಮತ್ತೆ ಒಡ್ಡಬೇಕಾಗಿದ್ದಿತು. ಸಕ್ರಿಯಗೊಳಿಸುವುದೆಂಬುದು ಪರವಾನಗಿಯ ಪರೀಕ್ಷೆಯೇ ಹೊರತು ಲಿಪಿಗೆ ಸಂಬಂಧಿಸಿದುದಲ್ಲ. ವಿಂಡೋಸ್ 11ರಲ್ಲಿ ಲಿಪಿಯು ತಾನಾಗಿ ಮೂಡುವುದು. ಕನ್ನಡದ ಕೀಲಿಮಣೆಯನ್ನು ಮಾತ್ರ ಸೇರಿಸಿಕೊಂಡರೆ ಸಾಕು.

ತೊಡಕಿರುವುದು ೞಕಾರದಲ್ಲಿ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಆದಕಾರಣ ಸರಿಯಾದ ಹೆಸರು ಉಪನಾಮವಾಗಿ ಮಾತ್ರ ಸೇರಿದೆ. ಹೆಸರನ್ನು ನಂಬಿ ಇದನ್ನು ಕಾಣದೆ ಹೋದವರು ಳಕಾರವನ್ನೇ ಬರೆದಾರು. ಆಗ ಬದುಕು ಎಂಬರ್ಥದ 'ಬಾೞ್' ಕತ್ತಿಯೆಂಬರ್ಥದ 'ಬಾಳ್' ಆಗಿಬಿಡುವುದು.