ಇಂಜಿನ್ ಗುಡುಗಿದರೂ ದೋಣಿ ಹೋಗದು! ನೆರೆಗೆ ಮುನ್ನ ಪಿನ್ನು ನೋಡಿ

ಕಾಗಿಣಾ ಉಕ್ಕಿ ಮಳಖೇಡದ ಸೇತುವೆ ಮುಳುಗಿದಾಗ ಸೇಡಂ-ಕಲಬುರಗಿ ಬಸ್ಸಿನಲ್ಲಿ ಸಿಕ್ಕಿಬಿದ್ದವರಿಗೆ ಆ ನದಿಯ ಗುಣ ಹೇಳಿಕೊಡಬೇಕಿಲ್ಲ. ಚಿಂಚೋಳಿಯ ಮುಲ್ಲಾಮಾರಿ ಬಂದು ಕಾಗಿಣಾ ಸೇರುತ್ತದೆ. ಕಾಗಿಣಾ ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆ ದಾಟಿ ಭೀಮೆಯ ಪಾಲಾಗುತ್ತದೆ. 2020ರ ಅಕ್ಟೋಬರಿನಲ್ಲಿ ಎರಡೂ ನದಿಗಳು ಏರಿದವು, ಮೇಲಿನಿಂದ ಉಜನಿಯ ನೀರೂ ಬಂತು. ದೋಣಿ ಇಳಿಸಿ ಜನರನ್ನು ಕರೆತರಬೇಕಾಯಿತು.

ಇಂಥ ದೋಣಿಯ ಹಿಂದೆ ತೂಗುಹಾಕುವುದೇ ಔಟ್‌ಬೋರ್ಡ್ ಮೋಟಾರು. ತಲೆಯಲ್ಲಿ ಇಂಜಿನ್, ಕಾಲಲ್ಲಿ ಪಂಖ, ನಡುವೆ ಉದ್ದನೆಯ ಶಾಫ್ಟು. ಓಲೆ ಎವಿನ್ರೂಡ್ ಎಂಬಾತ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮಾರಲು ಶುರು ಮಾಡಿದ ಮೋಟಾರಿನ ಕಟ್ಟು ಹೆಚ್ಚುಕಡಿಮೆ ಹೀಗೇ ಇತ್ತು. ಅವನ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತಿತು. ಹಳೆ ಯಂತ್ರ ಇಟ್ಟುಕೊಂಡವರು ಬಿಡಿಭಾಗಕ್ಕೆ ಗುಜರಿ ಹುಡುಕಬೇಕು, ಇಲ್ಲವೇ ಲೇಥಿನವರ ಬಾಗಿಲು ತಟ್ಟಬೇಕು.

ಕೆಡುವುದು ಸಾಮಾನ್ಯವಾಗಿ ಇಂಜಿನ್ ಅಲ್ಲ, ಕೆಳಗಿನ ಕಾಲು. ಹಳೆ ಸಣ್ಣ ಮೋಟಾರುಗಳಲ್ಲಿ ಪಂಖಕ್ಕೂ ಶಾಫ್ಟಿಗೂ ನಡುವೆ ಒಂದು ಮೆತ್ತನೆ ಲೋಹದ ಪಿನ್ನು ಇರುತ್ತದೆ. ಪಂಖ ಕಲ್ಲಿಗೆ ಬಡಿದರೆ ಪಿನ್ನು ತುಂಡಾಗಬೇಕು, ಗೇರು ಉಳಿಯಬೇಕು. ಮುರಿಯುವುದೇ ಅದರ ಕೆಲಸ! ಅದು ಪದೇಪದೇ ಮುರೀತದೆಂದು ಗಟ್ಟಿ ಉಕ್ಕಿನ ಮೊಳೆ ಬಡಿದು ನಡೆಸುವ ಜಾಣರಿದ್ದಾರೆ. ಮುಂದಿನ ಕಲ್ಲಿಗೆ ಹೋಗುವುದು ಪಿನ್ನಲ್ಲ, ಗೇರಿನ ಹಲ್ಲು. ಅದಕ್ಕೆ ಬದಲಿ ಎಲ್ಲಿಂದ ತರೋದು?

ಎರಡನೆಯ ಕಾಟ ಗೇರು ಜಾರುವುದು. ಹಳೆ ಬಸ್ಸು ಏರಿನಲ್ಲಿ ಗೇರು ಬಿಟ್ಟು ಹೊರಗೆ ಹಾರಿದ್ದನ್ನು ನೋಡಿದವರಿಗೆ ಇದು ಬೇಗ ತಿಳೀತದೆ. ಮುಂದಕ್ಕೂ ಹಿಂದಕ್ಕೂ ಓಡುವ ಮೋಟಾರಿನಲ್ಲಿ ಹಲ್ಲಿನ ಬಳೆಯೊಂದು ಜಾರಿ ಗೇರಿಗೆ ಕಚ್ಚಿಕೊಳ್ಳುತ್ತದೆ, ಡಾಗ್ ಕ್ಲಚ್ ಎನ್ನುತ್ತಾರೆ. ಹಿಡಿಕೆಯನ್ನು ಅಳುಕುತ್ತ ನಿಧಾನಕ್ಕೆ ಎಳೆದರೆ ಹಲ್ಲುಗಳು ಕಟಕಟ ಬಡಿದುಕೊಂಡು ಮೂಲೆ ಸವೆದು ಗುಂಡಗಾಗುತ್ತವೆ. ಆಮೇಲೆ ಭಾರ ಬಿದ್ದಾಗ ಢಬ್ ಎಂದು ಬಿಟ್ಟುಬಿಡುತ್ತದೆ. ಇಂಜಿನ್ ಇಳಿಸಿ, ಒಂದೇ ಏಟಿಗೆ ಹಿಡಿಕೆ ಹಾಕುವುದು ಸರಿ.

ಮೂಲೆಯನ್ನು ಸಾಣೆ ಹಿಡಿದು ಚೂಪು ಮಾಡುವವರುಂಟು. ಆದರೆ ಗಟ್ಟಿತನ ಮೇಲಿನ ತೆಳು ಪದರದ್ದು, ಅದು ಉಜ್ಜಿಹೋದರೆ ಒಳಗಿನದು ಮೆತ್ತಗೆ. ಅಂಥ ರಿಪೇರಿ ಹೆಚ್ಚು ದಿನ ಬಾಳದು. ಕೆಲವು ಹಳೆ ಮಾದರಿಗಳಲ್ಲಿ ಬಳೆಯನ್ನು ತಿರುಗಿಸಿ ಹಾಕಿದರೆ ಸವೆಯದ ಮುಖ ಸಿಗುತ್ತದೆ, ಖರ್ಚಿಲ್ಲ.

ಪಿನ್ನಿನ ಬದಲು ಪಂಖದೊಳಗೆ ರಬ್ಬರ್ ಬುಷ್ ಇರುವವೂ ಉಂಟು. ಇಂಜಿನ್ ಅರಚುತ್ತದೆ, ದೋಣಿ ಅಲ್ಲೇ ತಿರುಗುತ್ತದೆ ಎಂದರೆ ಬುಷ್ಷನ್ನೇ ಶಂಕಿಸಬೇಕು. ಲೋಹಕ್ಕೂ ರಬ್ಬರಿಗೂ ಸೇರಿಸಿ ಒಂದು ಗೆರೆ ಎಳೆದು ಓಡಿಸಿ ನೋಡಿ. ಗೆರೆ ಎರಡು ತುಂಡಾಗಿದ್ದರೆ ರಬ್ಬರು ಜಾರಿದೆ. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲು ಸೋರಿ ನೀರು ಹೊಕ್ಕಿದೆ. ಅದನ್ನು ಬಿಟ್ಟು ಬೇರೇನು ಸರಿಮಾಡಿದರೂ ದಂಡ.

ಸಿಮೆಂಟು, ಪರಸಿ ಕಲ್ಲು, ರೈಲಿನ ವಾಡಿ-ಶಹಾಬಾದ್ ಸೀಮೆಗೆ ಲೇಥು ಹೊಸದಲ್ಲ. ಪಿನ್ನು ಕಡೆಯುವುದು ಲೇಥಿನವರಿಗೆ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ, ಅಳತೆ ಮತ್ತು ಲೋಹ ಸರಿಯಾಗಿ ಹೇಳಿದರೆ. ನದಿ ಏರಿದ ರಾತ್ರಿ ಅಂಗಡಿ ತೆರೆದಿರುವುದಿಲ್ಲ, ಅಷ್ಟೆ. ಆದ್ದರಿಂದ ಜೂನಿಗೆ ಮುನ್ನ ಡ್ರಮ್ಮಿಗೆ ನೀರು ತುಂಬಿ, ಮೋಟಾರಿನ ಕಾಲು ಅದರಲ್ಲಿಳಿಸಿ ಚಾಲೂ ಮಾಡಿ ನೋಡಬೇಕು. ಒಣಗಲು ಓಡಿಸಿದರೆ ನೀರೆತ್ತುವ ಒಳಗಿನ ರಬ್ಬರ್ ಚಕ್ರ ಕೆಲವೇ ನಿಮಿಷದಲ್ಲಿ ಸುಟ್ಟುಹೋದೀತು. ನಾಲ್ಕು ಪಿನ್ನು, ಒಂದು ಪಕ್ಕಡ್ ಚೀಲದಲ್ಲಿ ಹಾಕಿ ದೋಣಿಗೇ ಕಟ್ಟಿರಬೇಕು, ಆಫೀಸಿನ ಕಪಾಟಿನಲ್ಲಲ್ಲ.