ಯಂತ್ರಬಲವೂ ಮಂತ್ರಬಲವೂ: ವಿಯೆಟ್ನಾಮ್ ಯುದ್ಧದ ನಿದರ್ಶನ

ಬಲಾಬಲವಿಚಾರವು ಭಾರತೀಯ ರಾಜನೀತಿಶಾಸ್ತ್ರದಲ್ಲಿ ಬಹು ಪ್ರಾಚೀನವಾದುದು. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶಕ್ತಿಯು ಮೂರು ವಿಧವಾಗಿ ನಿರೂಪಿತವಾಗಿದೆ. ವಿವೇಚನೆಗೆ ಸಂಬಂಧಿಸಿದುದು ಮಂತ್ರಶಕ್ತಿ. ಬೊಕ್ಕಸ ಮತ್ತು ಸೇನೆಗಳಿಂದ ಬಂದುದು ಪ್ರಭುಶಕ್ತಿ. ಪರಾಕ್ರಮದಿಂದ ಬಂದುದು ಉತ್ಸಾಹಶಕ್ತಿ. ಪೂರ್ವಾಚಾರ್ಯರ ಮತವನ್ನು ನಿರಾಕರಿಸಿ, ಉತ್ಸಾಹಕ್ಕಿಂತ ಪ್ರಭುಶಕ್ತಿಯೂ ಅದಕ್ಕಿಂತ ಮಂತ್ರಶಕ್ತಿಯೂ ಮಿಗಿಲೆಂದು ಗ್ರಂಥಕಾರನು ಸಿದ್ಧಾಂತಮಾಡಿದ್ದಾನೆ. ಆಯುಧಾಗಾರದ ಯಂತ್ರಗಳೆಲ್ಲವೂ ಈ ವಿಭಾಗದಂತೆ ಪ್ರಭುಶಕ್ತಿಯಲ್ಲಿ ಅಂತರ್ಭೂತವಾಗುವುವು. ಯಂತ್ರವು ಎಷ್ಟು ಸೂಕ್ಷ್ಮವಾದರೂ ಮಂತ್ರದ ಸ್ಥಾನವನ್ನು ತುಂಬಲಾರದೆಂಬುದಕ್ಕೆ ವಿಯೆಟ್ನಾಮ್ ಯುದ್ಧವು ಸ್ಪಷ್ಟವಾದ ನಿದರ್ಶನವಾಗಿದೆ.

ದಕ್ಷಿಣದಲ್ಲಿ ಹೋರಾಡುತ್ತಿದ್ದ ತಮ್ಮ ಪಕ್ಷದವರಿಗೆ ಆಳುಗಳನ್ನೂ ಸಾಮಗ್ರಿಗಳನ್ನೂ ಕಳುಹಿಸಲು ಉತ್ತರ ವಿಯೆಟ್ನಾಮಿನವರು 1959ರಲ್ಲಿ ಒಂದು ಮಾರ್ಗವನ್ನು ಏರ್ಪಡಿಸತೊಡಗಿದರು. ಇದೇ ಹೋ ಚಿ ಮಿನ್ ಮಾರ್ಗವೆಂದು ಪ್ರಸಿದ್ಧವಾದುದು. ಇದರ ಬಹುಭಾಗವು ಲಾವೋಸ್ ದೇಶದ ಅರಣ್ಯಪರ್ವತಗಳೊಳಗೆ ಹಾದುಹೋಗುತ್ತಿತ್ತು. ಇದನ್ನು ಕಡಿದುಹಾಕುವುದಕ್ಕಾಗಿ ಅಮೆರಿಕದವರು ಸದ್ದನ್ನೂ ನೆಲದ ಕಂಪನವನ್ನೂ ಗ್ರಹಿಸುವ ಉಪಕರಣಗಳನ್ನು ವಿಮಾನಗಳಿಂದ ಕಾಡಿನಲ್ಲಿ ಉದುರಿಸಿದರು. ಅವುಗಳಲ್ಲಿ ಕೆಲವು ಗಿಡಗಳಂತೆ ಕಾಣುವ ಹಾಗೆ ರಚಿತವಾಗಿದ್ದುವು. ಅವುಗಳ ಸಂಕೇತಗಳು ಥಾಯ್ಲೆಂಡಿನ ನಖೋನ್ ಫನೋಮ್ ಎಂಬಲ್ಲಿದ್ದ ಕೇಂದ್ರಕ್ಕೆ ಮುಟ್ಟುತ್ತಿದ್ದುವು. ಅಲ್ಲಿನ ಗಣಕಯಂತ್ರಗಳು ಲಾರಿಗಳ ವೇಗವನ್ನೂ ದಿಕ್ಕನ್ನೂ ಗಣಿಸಿ ಬಾಂಬಿನ ವಿಮಾನಗಳಿಗೆ ಗುರಿಯನ್ನು ಸೂಚಿಸುತ್ತಿದ್ದುವು. ‘ಇಗ್ಲೂ ವೈಟ್’ ಎಂಬ ಈ ವ್ಯವಸ್ಥೆಯು 1968ರಿಂದ 1973ರ ಆರಂಭದವರೆಗೆ ನಡೆಯಿತು.

ಇದರ ನ್ಯೂನತೆಯು ಎಲ್ಲಿತ್ತು? ಉಪಕರಣವು ಸದ್ದನ್ನು ತಿಳಿಸಬಲ್ಲುದು, ಸದ್ದಿನ ಅರ್ಥವನ್ನು ತಿಳಿಸಲಾರದು. ಎದುರಾಳಿಗಳು ರಾತ್ರಿಯಲ್ಲಿ ಸಂಚರಿಸಿದರು. ಒಂದು ಹಾದಿ ಕೆಟ್ಟರೆ ಮತ್ತೊಂದನ್ನು ಹಿಡಿದರು. ಬಾಂಬು ಬಿದ್ದ ಕುಳಿಗಳನ್ನು ಕೂಡಲೆ ಮುಚ್ಚಿದರು. 1970–71ರ ಒಣಹವೆಯ ಕಾಲದಲ್ಲಿ ಸುಮಾರು 20,000 ಲಾರಿಗಳು ನಾಶವಾದುವು ಅಥವಾ ಕೆಟ್ಟುವೆಂದು ವಾಯುಸೇನೆಯು ಲೆಕ್ಕ ಹೇಳಿತು. ಅದೇ ಸರಕಾರದ ಬೇಹುಗಾರಿಕೆಯ ಇಲಾಖೆಯವರು ಆ ಲೆಕ್ಕದ ಬಹುಭಾಗವನ್ನು ಕಳೆದೇ ಗ್ರಹಿಸುತ್ತಿದ್ದರು. 1972ರ ಮಾರ್ಚಿ 30ರಂದು ಉತ್ತರದ ಸೇನೆಯು ಟ್ಯಾಂಕುಗಳ ಸಮೇತ ದಕ್ಷಿಣದ ಮೇಲೆ ಬಿದ್ದುದು ಯಾರ ಎಣಿಕೆ ಸರಿಯೆಂಬುದನ್ನು ತೋರಿಸಿತು.

ಆ ಕಾಲದ ಯಂತ್ರಗಳು ಅಪಕ್ವವಾಗಿದ್ದುವು, ಪರಿಷ್ಕೃತವಾಗಿದ್ದರೆ ಫಲವು ಬೇರೆಯಾಗುತ್ತಿತ್ತು ಎಂದು ಆಕ್ಷೇಪಿಸಬಹುದು. ಇದಕ್ಕೆ ಥಾನ್ ಹೋವಾ ಸೇತುವೆಯೇ ಸಮಾಧಾನ. 1965ರ ಏಪ್ರಿಲಿನಿಂದ ನೂರಾರು ಬಾರಿ ವಿಮಾನಗಳು ಎರಗಿದರೂ ಆ ಸೇತುವೆಯು ಬೀಳಲಿಲ್ಲ. 1972ರಲ್ಲಿ ಲೇಸರ್ ಕಿರಣದಿಂದ ಗುರಿಹಿಡಿಯುವ ಬಾಂಬುಗಳು ಅದನ್ನು ಮುರಿದುವು. ಯಂತ್ರವು ಪರಿಷ್ಕೃತವಾಯಿತು, ಗುರಿಯೂ ಸಾಧಿಸಿತು. ಆದರೂ ಯುದ್ಧದ ಗತಿಯು ಬದಲಾಗಲಿಲ್ಲ: ಅಮೆರಿಕದ ಸೇನೆಯು 1973ರಲ್ಲಿ ಹಿಂತೆರಳಿತು, 1975ರ ಏಪ್ರಿಲ್ 30ರಂದು ಸೈಗಾನ್ ಪತನವಾಯಿತು.

ಉತ್ತರದವರಿಗೆ ಸೋವಿಯೆಟ್ ಒಕ್ಕೂಟದ ಕ್ಷಿಪಣಿಗಳೂ ಚೀಣದ ನೆರವೂ ಒದಗಿದ್ದುವೆಂಬುದು ನಿಜ. ಆದುದರಿಂದ ಬರಿಗೈಯವರು ಯಂತ್ರವನ್ನು ಗೆದ್ದರೆಂದು ಹೇಳುವುದು ಅತಿಶಯೋಕ್ತಿಯಾದೀತು. ಮುಖ್ಯವಾದ ಅಸಮತೆಯು ಬೇರೆಡೆಯಲ್ಲಿದೆ. 1975ರಲ್ಲಿ ಆಂಡ್ರೂ ಮ್ಯಾಕ್ ಎಂಬ ವಿದ್ವಾಂಸನು ಪ್ರತಿಪಾದಿಸಿದಂತೆ, ದುರ್ಬಲನಿಗೆ ಯುದ್ಧವು ಅಸ್ತಿತ್ವದ ಪ್ರಶ್ನೆ; ಪ್ರಬಲನಿಗೆ ಅದು ಹಲವು ಕಾರ್ಯಗಳಲ್ಲೊಂದು. ಕಾಲವು ಕಳೆದಂತೆ ಪ್ರಬಲನ ಮನೆಯೊಳಗಿನ ಸಮ್ಮತಿಯೇ ಕುಂದುತ್ತದೆ. ಈ ಕುಂದನ್ನು ಯಾವ ಯಂತ್ರವೂ ಸರಿಪಡಿಸಲಾರದು.

ಯಂತ್ರವು ನಿಷ್ಫಲವೆಂದು ಇದರಿಂದ ಸಿದ್ಧವಾಗುವುದಿಲ್ಲ. 1964ರಿಂದ 1973ರವರೆಗೆ ಲಾವೋಸಿನ ಮೇಲೆ ಬಿದ್ದ ಬಾಂಬುಗಳ ತೂಕ 20 ಲಕ್ಷ ಟನ್ನುಗಳಿಗೂ ಅಧಿಕ. ಸಿಡಿಯದೆ ನೆಲದಲ್ಲಿ ಹುದುಗಿದವು ಉಳುವವರನ್ನೂ ಮಕ್ಕಳನ್ನೂ ಇಂದಿಗೂ ಬಲಿಗೊಳ್ಳುತ್ತಿವೆ. ಯಂತ್ರದ ಫಲವು ನಾಶ. ಯುದ್ಧದ ಪ್ರಯೋಜನವು ಜಯ. ಇವೆರಡನ್ನೂ ಪರ್ಯಾಯಪದಗಳೆಂದು ಭಾವಿಸಿದುದೇ ಅಲ್ಲಿನ ಮಂತ್ರಲೋಪ.